ಬೂದು ಗಾಡಿಯ ಬಿರುಕು

ಮೊದಲ ಸಲ ಅವಳು ಮಾತಾಡಿದ್ದು ಅವನ ಕಾಲುಗಳ ಜೊತೆ. ಉಳಿದ ಆಸಾಮಿಯೆಲ್ಲ ಒಂದು ಹಸಿರು ಜೀಪಿನ ಅಡಿಯಲ್ಲಿದ್ದ.

"ರೀ, ಈ ಗಾಡಿ ಹೇಗಿದೆ?"

"ಬೇಡ," ಎಂದವು ಕಾಲುಗಳು.

"ಯಾಕೆ, ಮಾರಾಟ ಆಗೋಯ್ತಾ?"

"ಇಲ್ಲ. ತಗೋಬೇಡಿ ಅಂದೆ. ನೀವು ಸ್ಟೇರಿಂಗ್ ತಿರುಗಿಸಿದ ಮೇಲೆ ಚಕ್ರ ಒಂದು ಸಲ ಯೋಚನೆ ಮಾಡಿ ಆಮೇಲೆ ತಿರುಗುತ್ತೆ."

ಸೆಕೆಂಡ್ ಹ್ಯಾಂಡ್ ಗಾಡಿಗಳ ಆ ಅಂಗಳದಲ್ಲಿ ನಲವತ್ತು ಗಾಡಿಗಳು ಬಿಸಿಲಿಗೆ ಹೊಳೆಯುತ್ತ ನಿಂತಿದ್ದವು. ಮಾರುವವನೇ ತಗೋಬೇಡಿ ಅನ್ನುವುದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪಕ್ಕದ ಕಪ್ಪು ಗಾಡಿಯನ್ನು ತೋರಿಸಿ, "ಅದು?" ಎಂದಳು. ಕಾಲುಗಳಿಗೆ ಏನು ಕಂಡಿತೋ, "ಅದಂತೂ ಬೇಡವೇ ಬೇಡ" ಎಂದವು.

"ನಿಮ್ಮ ಅಂಗಡಿ ನಡೆಯೋದಾದ್ರೂ ಹೇಗೆ ಮಾರಾಯ್ರೇ?"

ಆಗ ಆಸಾಮಿ ಈಚೆ ಜಾರಿ ಬಂದ. ಮೂವತ್ತೈದರ ಆಸುಪಾಸಿನ ಮನುಷ್ಯ. ಹಣೆಯ ಮೇಲೆ ಗ್ರೀಸು, ಕೈಯಲ್ಲಿ ಟಾರ್ಚು, ಮುಖದಲ್ಲಿ ಯಾವ ವ್ಯಾಪಾರದ ನಗುವೂ ಇಲ್ಲ. "ಅಂಗಡಿ ನಂದಲ್ಲ. ನಾನು ಕೊಳ್ಳೋರ ಕಡೆಯವನು," ಎಂದ. ಅಷ್ಟರಲ್ಲಿ ಅಂಗಳದ ಯಜಮಾನ ಓಡಿ ಬಂದು, "ಮೇಡಂ, ಅವನ ಮಾತು ಕೇಳಬೇಡಿ, ಅವನ ಹೆಸರೇ ಬೇಡಪ್ಪ!" ಎಂದು ಕೂಗಿದ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಗಾಡಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿ ಅಭ್ಯಾಸವಾದ ಬೇಡಪ್ಪನಿಗೆ ಇದು ತಕ್ಷಣ ಕಣ್ಣಿಗೆ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು.

ಬೇಡಪ್ಪ ಎಂಬುದು ಅವನಿಗೆ ಮನೆಯವರು ಇಟ್ಟ ಹೆಸರಲ್ಲ, ಮಾರುವವರು ಇಟ್ಟದ್ದು. ಹನ್ನೊಂದು ವರ್ಷಗಳಿಂದ ಅವನ ಕೆಲಸ ಒಂದೇ: ಯಾರಾದರೂ ಹಳೆಯ ಗಾಡಿ ಕೊಳ್ಳುವ ಮುಂಚೆ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಒಂದು ಹಾಳೆಯಲ್ಲಿ ಕೈಬರಹದಲ್ಲಿ ಎಲ್ಲವನ್ನೂ ಬರೆದು, ಕೊನೆಯ ಸಾಲಿನಲ್ಲಿ 'ತಗೊಳ್ಳಬಹುದು' ಅಥವಾ 'ಬೇಡ' ಎಂದು ಬರೆದು ಸಹಿ ಹಾಕುವುದು. ಕಾರ್ಬನ್ ಇಟ್ಟು ಬರೆಯುತ್ತಿದ್ದ. ಒಂದು ಪ್ರತಿ ಕೊಳ್ಳುವವರಿಗೆ, ಒಂದು ಮಾರುವವರಿಗೆ. ಬೆನ್ನ ಹಿಂದೆ ಗಾಡಿಯ ಬಗ್ಗೆ ಮಾತಾಡಿದ ಎಂದು ಯಾರೂ ಹೇಳಬಾರದು ಎಂಬುದು ಅವನ ಹಟ. ಅವನು 'ಬೇಡ' ಎಂದು ಬರೆದ ಗಾಡಿಯನ್ನು ಸುತ್ತಮುತ್ತ ಯಾರೂ ಮುಟ್ಟುತ್ತಿರಲಿಲ್ಲ. ಮಾರುವವರು ಅವನನ್ನು ಬೈಯುತ್ತಿದ್ದರು, ಆದರೆ ತಮ್ಮ ಮನೆಗೆ ಗಾಡಿ ಬೇಕಾದಾಗ ಸದ್ದಿಲ್ಲದೆ ಅವನನ್ನೇ ಕರೆಯುತ್ತಿದ್ದರು.

ಅವಳು ದನದ ಡಾಕ್ಟ್ರು. ಅಂಗಳದ ಮೂಲೆಯ ಬೆಂಚಿನ ಮೇಲೆ ಕೂತು ತನ್ನ ಕಷ್ಟವನ್ನು ನೇರವಾಗಿ ಹೇಳಿದಳು.

"ದಿನಾ ಹೋಗಿ ಬರೋಕೆ ಗಾಡಿ ಬೇಕು. ಮೂವತ್ತು ಕಿಲೋಮೀಟರ್ ಒಳ್ಳೇ ಟಾರು ರಸ್ತೆ. ಆಮೇಲೆ ಎಂಟು ಕಿಲೋಮೀಟರ್ ಕಲ್ಲು, ಕೆಸರು, ಒಂದು ತೊರೆ. ಅದನ್ನ ರಸ್ತೆ ಅಂತ ಮರ್ಯಾದೆಗೆ ಕರೀತೀವಿ ಅಷ್ಟೇ. ಈಗ ಓಡಾಡ್ತಿರೋ ಆಫೀಸ್ ಜೀಪು ಇನ್ನೆರಡು ತಿಂಗಳಿಗೆ ವಾಪಸ್ ಹೋಗುತ್ತೆ. ಅಷ್ಟರಲ್ಲಿ ನಂದೇ ಗಾಡಿ ಆಗದಿದ್ರೆ ನನ್ನನ್ನ ದೂರದ ಲ್ಯಾಬಿಗೆ ಹಾಕ್ತಾರೆ. ಗಾಜಿನ ಕೊಳವೆ ಅಲ್ಲಾಡಿಸ್ಕೊಂಡು ಕೂರೋ ಕೆಲಸ."

"ನಿಮಗದು ಇಷ್ಟ ಇಲ್ಲ."

"ನನಗೆ ದನಾನೇ ಇಷ್ಟ. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ನನ್ನ ಬಿಟ್ರೆ ಯಾರೂ ಹೋಗಲ್ಲ." ಆ ಹಸಿರು ಜೀಪಿನ ಕಡೆ ಒಮ್ಮೆ ಆಸೆಯಿಂದ ನೋಡಿದಳು. "ಅದು ಚೆನ್ನಾಗಿತ್ತು ಕಣ್ರೀ."

"ಸ್ಟೇರಿಂಗ್ ಸರಿ ಮಾಡಿಸಿದ್ರೆ ಭಾನುವಾರಕ್ಕೊಂದ್ಸಲ ಗುಡ್ಡ ಹತ್ತೋರಿಗೆ ಅದು ಚೆನ್ನಾಗಿದೆ. ನೀವು ಅದರಲ್ಲಿ ದಿನಾ ಅರವತ್ತು ಕಿಲೋಮೀಟರ್ ಟಾರು ರಸ್ತೇಲಿ ಹೋಗ್ಬೇಕು. ಅಷ್ಟು ದಪ್ಪ ಹಲ್ಲಿನ ಟಯರು ಟಾರಿನ ಮೇಲೆ ಜೇನುಗೂಡು ಕದಡಿದ ಹಾಗೆ ಗುಂಯ್‌ಗುಡುತ್ತೆ. ಒಂದು ತಿಂಗಳಲ್ಲಿ ನಿಮಗೆ ತಲೆ ಚಿಟ್ಟು ಹಿಡಿಯುತ್ತೆ, ಆರು ತಿಂಗಳಲ್ಲಿ ಸೊಂಟ ಹಿಡಿಯುತ್ತೆ. ದಿನಾ ಓಡಿಸೋ ಗಾಡಿ ಕೆಲಸ ಮುಗಿಸಿ ಸುಸ್ತಾದಾಗಲೂ ನಿಮ್ಮನ್ನ ಸಿಟ್ಟು ಮಾಡಿಸದೆ ಮನೆ ಮುಟ್ಟಿಸ್ಬೇಕು."

ಅವಳು ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಗಾಡಿ ಮಾರುವ ಆರು ಜನ ಅವಳಿಗೆ ಕುದುರೆಶಕ್ತಿಯ ಲೆಕ್ಕ ಹೇಳಿದ್ದರು. ಸುಸ್ತಿನ ಬಗ್ಗೆ ಮಾತಾಡಿದವನು ಇವನೊಬ್ಬನೇ.

"ಶನಿವಾರ ಬಿಡುವಿದೆಯಾ?" ಎಂದು ಕೇಳಿದಳು.

ಹೀಗೆ ಶನಿವಾರಗಳು ಶುರುವಾದವು.

ಎರಡನೆಯ ಶನಿವಾರ ಒಂದು ಬಿಳಿ ಗಾಡಿ. ಒಳಗೆಲ್ಲ ಹೊಸದರ ವಾಸನೆ, ಸೀಟಿಗೆ ಹೊಸ ಹೊದಿಕೆ. ಅವಳ ಮುಖ ಅರಳಿತು. ಅವನು ಏನೂ ಮಾತಾಡದೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಬೆಲ್ಟಿನ ಕೊನೆಯ ಒಂದಡಿಯಲ್ಲಿ ಒಣಗಿದ ಕೆಸರಿನ ಗೆರೆ ಇತ್ತು.

"ಇದು ಕತ್ತಿನವರೆಗೂ ನೀರಲ್ಲಿ ಮುಳುಗಿ ಎದ್ದ ಗಾಡಿ," ಎಂದ. "ಸೀಟು ತೊಳೀತಾರೆ, ಕಾರ್ಪೆಟ್ ಬದಲಾಯಿಸ್ತಾರೆ. ಬೆಲ್ಟು ಪೂರ್ತಿ ಎಳೆದು ತೊಳೆಯೋದನ್ನ ಮರೀತಾರೆ."

ಮಾರಲು ಬಂದಿದ್ದವನು ಆಕಾಶ ನೋಡತೊಡಗಿದ.

ಮೂರನೆಯದು ಏಣಿ ಹಾಕಿ ಹತ್ತಬೇಕಾದಷ್ಟು ಎತ್ತರಿಸಿದ ಗಾಡಿ, ನೆತ್ತಿಯ ಮೇಲೆ ಆರು ದೀಪ. "ಇದರ ಹಳೇ ಯಜಮಾನ ಇದನ್ನ ಓಡಿಸಿಲ್ಲ, ಇದರ ಜೊತೆ ಕುಸ್ತಿ ಆಡಿದಾನೆ" ಎಂದು ಅಡಿಯಿಂದಲೇ ತೀರ್ಪು ಬಂತು. ನಾಲ್ಕನೆಯದರ ಮೀಟರು ಮೂವತ್ತು ಸಾವಿರ ತೋರಿಸುತ್ತಿತ್ತು. ಅವನು ಕ್ಲಚ್ ಪೆಡಲಿನ ರಬ್ಬರು ಮುಟ್ಟಿ ತೋರಿಸಿದ. ಅದು ಸವೆದು ನುಣ್ಣಗಾಗಿತ್ತು.

"ಮೀಟರ್ ತಿದ್ದಬಹುದು. ಕಾಲು ತುಳಿದಿದ್ದನ್ನ ತಿದ್ದೋಕಾಗಲ್ಲ."

"ನಾವು ಹಸುವಿನ ಹಲ್ಲು ನೋಡ್ತೀವಿ. ಮಾರೋರು ನಾಲ್ಕು ವರ್ಷ ಅಂತಾರೆ, ಹಲ್ಲು ಒಂಬತ್ತು ಅನ್ನುತ್ತೆ." ಅವಳಿಗೆ ಖುಷಿಯೋ ಖುಷಿ. "ನಾನೂ ಸರ್ಟಿಫಿಕೇಟ್ ಬರೀತೀನಿ, ಗೊತ್ತಾ? ಹಸು ಕೊಳ್ಳೋ ಮುಂಚೆ ನನ್ನ ಹತ್ರ ಬರ್ತಾರೆ."

"ಹಾಗಾದ್ರೆ ನೀವೂ ಬೇಡಮ್ಮ."

"ನಾನು ಅಷ್ಟು ಒರಟಾಗಿ ಹೇಳಲ್ಲಪ್ಪ. 'ಇನ್ನೊಂದು ನೋಡೋಣ' ಅಂತೀನಿ."

ಹೀಗನ್ನುತ್ತ ಅವಳು ಚೀಲದಿಂದ ಹತ್ತಿ ತೆಗೆದು, ಅದಕ್ಕೆ ಸ್ಪಿರಿಟ್ ಹಾಕಿ, ಅವನ ಕಿವಿಯ ಹಿಂದಿನ ಗ್ರೀಸನ್ನು ಒರೆಸಿದಳು. ಕರುವಿನ ಕಿವಿ ಒರೆಸುವಷ್ಟೇ ನಿರಾಳವಾಗಿ ಒರೆಸಿದ್ದು. ಕರುವಾಗಿದ್ದರೆ ತಲೆ ಕೊಡವಿಕೊಂಡು ಹೋಗುತ್ತಿತ್ತು. ಇವನು ಕಂಬದ ಹಾಗೆ ನಿಂತ. ಸ್ಪಿರಿಟ್ಟಿನ ತಂಪು ಆರಿದ ಮೇಲೂ ಕಿವಿ ಬಿಸಿಯಾಗಿಯೇ ಇತ್ತು.

ಅವನ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಐದನೆಯ ಶನಿವಾರ ಬೆಳಿಗ್ಗೆ ಮಷೀನ್ ನಿಲ್ಲಿಸಿ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಗಾಡಿ ಅಡಿಗೆ ನುಗ್ಗೋಕೆ ಇಸ್ತ್ರಿ ಶರ್ಟು ಯಾಕೋ?"

"ಸುಮ್ನೆ."

"ಹನ್ನೊಂದು ವರ್ಷ ಸುಮ್ನೆ ಇರಲಿಲ್ವಲ್ಲ ನೀನು." ಅವಳು ಸೂಜಿಗೆ ದಾರ ಪೋಣಿಸುತ್ತ ನಕ್ಕಳು. "ಡಾಕ್ಟ್ರಿಗೆ ಗಾಡಿ ಸಿಕ್ಕಿಬಿಟ್ರೆ ಏನೋ ಮಾಡ್ತೀಯ?"

ಅವಳು ತಮಾಷೆಗೆ ಕೇಳಿದ್ದು. ಅವನು ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟ. ಒಳ್ಳೆಯ ಗಾಡಿ ಸಿಕ್ಕ ದಿನ ಕೆಲಸ ಮುಗಿಯುತ್ತದೆ. ಅವಳು ಥ್ಯಾಂಕ್ಸ್ ಹೇಳುತ್ತಾಳೆ, ಕೈ ಬೀಸುತ್ತಾಳೆ, ಹೋಗುತ್ತಾಳೆ. ಇಷ್ಟು ಸರಳವಾದ ವಿಷಯ ಅಷ್ಟು ದಿನ ಅವನ ತಲೆಗೆ ಹೊಳೆದೇ ಇರಲಿಲ್ಲ.

ಆ ಗಾಡಿ ಏಳನೆಯ ಶನಿವಾರ ಸಿಕ್ಕಿತು.

ಬೂದು ಬಣ್ಣ, ಒಂಬತ್ತು ವರ್ಷ ಹಳೆಯದು, ಒಬ್ಬರದೇ ಕೈಯಲ್ಲಿ ಓಡಿದ್ದು. ಮಾಲೀಕರು ನಿವೃತ್ತ ಸರ್ವೆಯವರು. ಜಮೀನು ಅಳೆಯುತ್ತ ಕಾಡುಮೇಡು ಅಲೆದ ಮುದುಕರು, ಈಗ ಕಣ್ಣು ಮಂದವಾಗಿದೆ ಎಂದು ಮಾರಲು ಹೊರಟಿದ್ದರು. ಪ್ರತಿ ಆಯಿಲ್ ಬದಲಾವಣೆಯನ್ನೂ ತಾರೀಖು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಶೆಡ್ಡಿನ ನೆಲ ಎಷ್ಟು ಚೊಕ್ಕಟವಾಗಿತ್ತೆಂದರೆ ಬೇಡಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ.

ಬಾನೆಟ್ಟಿನ ಮೇಲೆ ಕೈಯಿಟ್ಟ. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟು ಮೋಸ ಮಾಡಿಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಜಾಗಕ್ಕೆ ಬಿತ್ತು. ಟಯರು ಹದವಾದದ್ದು, ಟಾರಿಗೂ ಸೈ, ಕಲ್ಲಿಗೂ ಸೈ. ಅವಳು ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಹತ್ತಲು ಏಣಿ ಬೇಕಾಗಿರಲಿಲ್ಲ, ಕಾಲು ಪೆಡಲಿಗೆ ಸಲೀಸಾಗಿ ಸಿಕ್ಕಿತ್ತು. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಎದುರಿನ ಗೋಡೆಯನ್ನೇ ರಸ್ತೆಯೆಂಬಂತೆ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ಅವನು ಗಾಡಿಯ ಅಡಿಗೆ ಹೋದ. ನಲವತ್ತು ನಿಮಿಷ ಈಚೆ ಬರಲಿಲ್ಲ.

ಉಳಿದವರಿಗೆ ಅವನು ತಪಾಸಣೆ ಮಾಡುತ್ತಿದ್ದಾನೆ ಎಂದೇ ಅನಿಸಿತು. ನಿಜಕ್ಕೂ ಅವನು ತಪ್ಪು ಹುಡುಕುತ್ತಿದ್ದ, ಸಾಲ ಕೇಳುವವನಂತೆ ಬೇಡಿಕೊಳ್ಳುತ್ತ ಹುಡುಕುತ್ತಿದ್ದ. ಒಂದು ಸೋರಿಕೆ, ಒಂದು ತುಕ್ಕು, ಒಂದು ಹರಿದ ರಬ್ಬರು, ಏನಾದರೂ. ಗಾಡಿಯ ಇಡೀ ಮೈ ಹೊತ್ತುಕೊಂಡಿರುವ ಕಬ್ಬಿಣದ ಚೌಕಟ್ಟಿಗೆ ಚಾಸಿ ಎನ್ನುತ್ತಾರೆ. ಅದರ ಉದ್ದಕ್ಕೂ ಬೆರಳಾಡಿಸಿದ. ಹೊಸ ಮಂಚದ ಕಾಲಿನ ಹಾಗೆ ಗಟ್ಟಿ. ಮೇಲಿನಿಂದ ಅವಳ ದನಿ ಕೇಳಿಸುತ್ತಿತ್ತು, ಸರ್ವೆಯವರ ಹತ್ತಿರ ಗುಡ್ಡದ ದಾರಿಯ ಬಗ್ಗೆ ಮಾತಾಡುತ್ತಿದ್ದಳು. ಮುಂದಿನ ಶನಿವಾರ ಈ ದನಿ ಇರುವುದಿಲ್ಲ ಎಂದುಕೊಂಡ.

ಈಚೆ ಬಂದು ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ.

"ಚಾಸಿಯಲ್ಲಿ ಬಿರುಕಿದೆ."

ಅವಳ ಕೈ ಸ್ಟೇರಿಂಗಿನ ಮೇಲೆಯೇ ನಿಂತಿತು. ಸರ್ವೆಯವರು ಎರಡು ಹೆಜ್ಜೆ ಮುಂದೆ ಬಂದರು.

"ನನ್ನ ಗಾಡೀಲಿ ಬಿರುಕಾ?"

"ಹಿಂದಿನ ಆಕ್ಸಲ್ ಮೇಲೆ. ಹೊರಗಿಂದ ಕಾಣಲ್ಲ ಸಾರ್." ಒಂದು ಸುಳ್ಳಿಗೆ ಎಷ್ಟು ಬೇಗ ವಿಳಾಸ ಸಿಕ್ಕಿಬಿಡುತ್ತದೆ ನೋಡಿ. ಹಾಳೆಯಲ್ಲಿ ಬರೆದ, ಸಹಿ ಹಾಕಿದ, ಕಾರ್ಬನ್ ಪ್ರತಿ ಹರಿದು ಮುದುಕರ ಕೈಗೆ ಕೊಟ್ಟ. ಅವರು ವಾದ ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ನೀವು ಬರೆದ ಮೇಲೆ ಮುಗೀತಪ್ಪ" ಎಂದು ಮಡಚಿ ಜೇಬಿಗಿಟ್ಟುಕೊಂಡರು.

ಅವಳು ಅವನನ್ನು ಆಫೀಸ್ ಜೀಪಿನಲ್ಲೇ ವಾಪಸ್ ಕರೆತಂದಳು. ಅವನ ಬೀದಿಯ ತಿರುವಿನಲ್ಲಿ ನಿಲ್ಲಿಸಿ ಹೇಳಿದಳು.

"ಸಾಕು ಅನ್ಸುತ್ತೆ ನನಗೆ. ಇದೂ ಆಗದಿದ್ರೆ ಬಿಟ್ಟುಬಿಡೋಣ ಅಂತ ಬೆಳಿಗ್ಗೇನೇ ಅಂದ್ಕೊಂಡಿದ್ದೆ. ಬುಧವಾರ ಲ್ಯಾಬಿಗೆ ಹೋಗ್ತೀನಿ ಅಂತ ಬರೆದು ಕೊಟ್ಟುಬಿಡ್ತೀನಿ."

"ಇನ್ನೂ ಒಂದು ವಾರ ಇದೆಯಲ್ಲ ಡಾಕ್ಟ್ರೇ..."

"ಒಂದು ವಾರದಲ್ಲಿ ಇಂಥ ಇನ್ನೊಂದು ಗಾಡಿ ಎಲ್ಲಿ ಸಿಗುತ್ತೆ ಹೇಳಿ. ನೀವು ನನಗೋಸ್ಕರ ತುಂಬಾ ಕಷ್ಟಪಟ್ರಿ. ಬೇರೆಯವರಾಗಿದ್ರೆ ಆ ಬಿರುಕಿನ ಗಾಡೀನ ನನ್ನ ತಲೆಗೆ ಕಟ್ಟಿರೋರು."

ಆಗಲೇ ಹೇಳಬಹುದಿತ್ತು. ಇಳಿದು ನಿಂತ, ಜೀಪು ಹೋಯಿತು. ಅವಳನ್ನು ಹತ್ತಿರ ಇಟ್ಟುಕೊಳ್ಳಲು ಆಡಿದ ಸುಳ್ಳು ಅವಳನ್ನು ನೇರವಾಗಿ ಬಸ್ಸು ಹತ್ತಿಸಿ ದೂರ ಕಳಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಅಂಗಳದ ಯಜಮಾನ ಫೋನ್ ಮಾಡಿದ. "ಬೇಡಪ್ಪ, ಆ ಸರ್ವೆಯವರಿಗೆ ಏನು ಬರೆದು ಕೊಟ್ಟೆ ಮಾರಾಯಾ? ಗಾಡೀನ ಗುಜರಿಗೆ ಹಾಕ್ತಿದಾರೆ! ನನಗೆ ಕೊಡಿ ಅಂದೆ. ಬಿರುಕು ಬಿಟ್ಟ ಗಾಡಿ ಮಾರಿ ಇನ್ನೊಬ್ಬರ ಪ್ರಾಣ ತೆಗೆಯೋಕಾಗುತ್ತೇನ್ರೀ ಅಂತ ನನಗೇ ಬೈದ್ರು. ಹತ್ತು ಗಂಟೆಗೆ ಗಾಡಿ ಒಡೆಯೋರು ಬರ್ತಾರಂತೆ."

ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಅಕ್ಕನ ಮುಂದೆ ನಿಂತು ಎರಡೇ ಮಾತಿನಲ್ಲಿ ಎಲ್ಲ ಹೇಳಿದ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ನಗಲೂ ಇಲ್ಲ, ಬೈಯಲೂ ಇಲ್ಲ.

"ಮೊದಲು ಗಾಡಿ ಉಳಿಸು ಹೋಗು. ನಿನ್ನ ಮಾನದ ವಿಷಯ ಆಮೇಲೆ ನೋಡೋಣ."

ಅವನು ಹೋದಾಗ ಗುಜರಿಯವರು ಬ್ಯಾಟರಿ ಬಿಚ್ಚಿ ಕೆಳಗಿಟ್ಟಿದ್ದರು. ಸರ್ವೆಯವರು ಕುರ್ಚಿ ಹಾಕಿಕೊಂಡು ಗಾಡಿಗೆ ಬೆನ್ನು ಮಾಡಿ ಕೂತಿದ್ದರು. ಅವನು ಓಡಿ ಬಂದ ಉಸಿರಿನಲ್ಲೇ ಹೇಳಿದ. "ಬಿರುಕಿಲ್ಲ ಸಾರ್. ನಾನು ಸುಳ್ಳು ಬರೆದೆ. ಗಾಡಿ ಚಿನ್ನದಂತಿದೆ."

ಮುದುಕರು ಮೊದಲು ಗುಜರಿಯವರಿಗೆ ಕೈ ಎತ್ತಿ ನಿಲ್ಲಿಸಿದರು. ಆಮೇಲೆ ಅವನನ್ನು ನೋಡಿದರು.

"ಎರಡು ದಿನದಿಂದ ಊಟ ಸೇರಿಲ್ಲ ನನಗೆ. ಈ ಗಾಡೀಲಿ ನನ್ನ ಹೆಂಡತೀನ ಕೂರಿಸ್ಕೊಂಡು ಎಲ್ಲೆಲ್ಲೋ ಸುತ್ತಿದೀನಿ. ಬಿರುಕಿನ ಮೇಲೆ ಕೂರಿಸ್ಕೊಂಡು ತಿರುಗಿದ್ನಾ ಅವಳನ್ನ ಅಂತ ಅದೇ ಯೋಚನೆ. ಅವಳು ಈಗ ಇದ್ದಿದ್ರೆ ಕ್ಷಮೆ ಕೇಳ್ತಿದ್ದೆ."

ಅವನಿಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳುವ ಧೈರ್ಯವೂ ಆಗಲಿಲ್ಲ.

"ಯಾಕೆ ಮಾಡಿದೆ?" ಎಂದು ಅವರು ಕೇಳಿದರು. ಅವನು ಹೇಳಿದ, ಇದ್ದದ್ದನ್ನು ಇದ್ದ ಹಾಗೆ. ಅವರು ಎದ್ದು ಗಾಡಿಯ ಕಡೆ ತಿರುಗಿ, "ಈಗ ನಿಜ ಬರಿ. ಹಾಳೆ ಆ ಡಾಕ್ಟ್ರ ಕೈಗೆ ನೀನೇ ಕೊಡ್ಬೇಕು. ಫೋನಲ್ಲಿ ಹೇಳಿ ತಪ್ಪಿಸ್ಕೋಬೇಡ" ಎಂದರು. ಅವನು ಹೊಸ ಹಾಳೆ ಬರೆದು, ಬ್ಯಾಟರಿಯನ್ನು ತಾನೇ ವಾಪಸ್ ಜೋಡಿಸಿ ಹೊರಟ.

ಮಂಗಳವಾರ ಅವಳು ಗುಡ್ಡದ ಮೇಲಿನ ಒಂದು ಕೊಟ್ಟಿಗೆಯಲ್ಲಿದ್ದಳು. ಅವನು ಎಂಟು ಕಿಲೋಮೀಟರ್ ನಡೆದು ಹತ್ತಿ ಹೋದ. ಅವಳ ಬಲಗೈ ಭುಜದವರೆಗೂ ಉದ್ದನೆಯ ರಬ್ಬರ್ ಗ್ಲೌಸಿನಲ್ಲಿತ್ತು, ಗ್ಲೌಸು ಒಂದು ಕೆಂದು ಹಸುವಿನ ಒಳಗಿತ್ತು. ಹಸು ಗಬ್ಬವಾಗಿದೆಯೋ ಇಲ್ಲವೋ ನೋಡುತ್ತಿದ್ದಳು.

"ಅಯ್ಯೋ, ನೀವಾ! ಒಳ್ಳೇ ಟೈಮಿಗೆ ಬಂದ್ರಿ, ಇದರ ಬಾಲ ಹಿಡ್ಕೊಳ್ಳಿ."

ಪ್ರೇಮ ನಿವೇದನೆಗೆ ಇದಕ್ಕಿಂತ ಒಳ್ಳೆಯ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ಅವನು ಬಾಲ ಹಿಡಿದುಕೊಂಡು ಎಲ್ಲ ಹೇಳಿದ. ಹಸು ತಿರುಗಿ ನೋಡಿತು. ಅವಳು ನೋಡಲಿಲ್ಲ.

"ಬಿರುಕೇ ಇಲ್ವಾ?"

"ಇಲ್ಲ."

"ಯಾಕೆ?"

"ಗಾಡಿ ಸಿಕ್ಕಿದ್ರೆ ಶನಿವಾರ ಮುಗಿದು ಹೋಗ್ತಿತ್ತು. ನೀವು ಬರಲ್ಲ. ಅದಕ್ಕೆ."

ಅವಳು ನಿಧಾನವಾಗಿ ಕೈ ಈಚೆ ತೆಗೆದು, ಗ್ಲೌಸು ಬಿಚ್ಚಿ, ಬಕೆಟ್ಟಿನ ನೀರಿನಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಮಾತಾಡಿದಾಗ ದನಿ ಮಾತ್ರ ಸಣ್ಣಗಿತ್ತು.

"ನಾನೂ ಬರೀತೀನಿ ಅಂತ ಹೇಳಿದ್ನಲ್ಲ, ಸರ್ಟಿಫಿಕೇಟು. ಒಂದು ಮನೆಯವರು ಆ ಕಾಗದ ನಂಬಿ ಹಸು ಕಟ್ಕೋತಾರೆ, ಮಕ್ಕಳಿಗೆ ಅದರ ಹಾಲು ಕುಡಿಸ್ತಾರೆ. ಯಾರನ್ನೋ ನೋಡ್ಬೇಕು ಅನ್ನೋ ಆಸೆಗೆ ನಾನು ಅದರಲ್ಲಿ ಸುಳ್ಳು ಬರೆದ್ರೆ? ನಾನು ಈ ಗುಡ್ಡ ಬಿಟ್ಟು ಹೋಗ್ತಿದ್ದೆ ರೀ. ನಾಳೆ ಬರೆದು ಕೊಡ್ತಿದ್ದೆ."

"ಗೊತ್ತು."

"ಈಗ ಗಾಡಿ ಚೆನ್ನಾಗಿದೆ ಅಂತೀರಲ್ಲ, ಅದನ್ನ ಹೇಗೆ ನಂಬ್ಲಿ?"

"ನಂಬಬೇಡಿ. ಬೇರೆಯವರಿಗೆ ತೋರಿಸಿ." ಅವನು ಹೊಸ ಹಾಳೆಯ ಹಿಂದೆ ಒಂದು ಫೋನ್ ನಂಬರ್ ಬರೆದ. ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಹೊಗಳದ, ಅವನದೇ ಕೆಲಸ ಮಾಡುವ ಇನ್ನೊಬ್ಬನ ನಂಬರ್ ಅದು. "ಇವನು ಒಳ್ಳೇ ಕೆಲಸಗಾರ. ನನಗಿಂತ ಹುಷಾರು."

ಅವಳು ಹಾಳೆ ತೆಗೆದುಕೊಂಡಳು. "ಬಾಲ ಬಿಡಿ," ಎಂದಳು. "ಹೋಗಿ."

ಅವನು ಬಿಟ್ಟ, ಹೋದ. ಇಳಿಯುವಾಗ ಎಂಟು ಕಿಲೋಮೀಟರ್ ಎನ್ನುವುದು ಹತ್ತುವಾಗಿನದಕ್ಕಿಂತ ಉದ್ದವಾಗಿತ್ತು.

ಆ ಇನ್ನೊಬ್ಬ ಬೂದು ಗಾಡಿಯನ್ನು ನೋಡಿ ತಗೊಳ್ಳಬಹುದು ಎಂದ. ಅವಳು ಕೊಂಡಳು, ಗುಡ್ಡದಲ್ಲೇ ಉಳಿದಳು. ಇದೆಲ್ಲ ಬೇಡಪ್ಪನಿಗೆ ಅಂಗಳದ ಯಜಮಾನನಿಂದ ತಿಳಿಯಿತು. ಸುಳ್ಳು ಹಾಳೆಯ ವಿಷಯವನ್ನು ಬೇಡಪ್ಪ ತಾನೇ ಎಲ್ಲ ಅಂಗಳಗಳಿಗೂ ಹೋಗಿ ಹೇಳಿ ಬಂದಿದ್ದ. ಮಾರುವವರಿಗೆ ಹಬ್ಬವೋ ಹಬ್ಬ. "ಬೇಡಪ್ಪ, ಇದು ಬರೀ ಬೇಡವೋ, ಪ್ರೀತಿಯ ಬೇಡವೋ?" ಎಂದು ಪ್ರತಿ ಗಾಡಿಯ ಪಕ್ಕ ನಿಂತು ಕೇಳುತ್ತಿದ್ದರು. ಕೆಲವರು ಅವನನ್ನು ಕರೆಯುವುದನ್ನೇ ಬಿಟ್ಟರು. ಅವನು ತಲೆ ತಗ್ಗಿಸಿ ಕೆಲಸ ಮಾಡಿದ. ಶನಿವಾರಗಳು ಐದು ಕಳೆದವು, ಒಂದೊಂದೂ ಒಂದು ಮಾರು ಉದ್ದ. ಅಕ್ಕ ಶರ್ಟಿನ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಆರನೆಯ ವಾರ ಒಂದು ಮೆಸೇಜು ಬಂತು. 'ಗಾಡಿಯಲ್ಲಿ ಶಬ್ದ. ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತೆ. ಗುರುವಾರ ಬೆಳಿಗ್ಗೆ ಬಂದು ನೋಡುತ್ತೀರಾ?'

ಹೋದ. ಅವಳು ದನದ ಆಸ್ಪತ್ರೆಯ ಮುಂದೆ ಗಾಡಿಯಲ್ಲಿ ಕೂತೇ ಕಾಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ಹಗ್ಗ, ಗಮ್‌ಬೂಟು, ಕರುವಿಗೆ ಹಾಲು ಕುಡಿಸುವ ಸೀಸೆ. ಬಾಗಿಲುಗಳಿಗೆಲ್ಲ ಕೆಸರು. ಗಾಡಿ ಕೆಲಸಕ್ಕೆ ಒಗ್ಗಿಕೊಂಡಿತ್ತು.

"ನಿಲ್ಲಿಸಿದಾಗ ಬರಲ್ಲ, ಓಡುವಾಗ ಬರುತ್ತೆ. ಹತ್ತಿ," ಎಂದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

ಅವನು ಪಕ್ಕದಲ್ಲಿ ಕೂತು ಕಿಟಕಿ ಇಳಿಸಿ ಕಿವಿ ಹೊರಗಿಟ್ಟ. ಟಾರು ರಸ್ತೆಯಲ್ಲಿ ಹೋದರು. ಏನೂ ಇಲ್ಲ. ಒಂದು ಖಾಲಿ ಬಯಲಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು ಹಾಕಿಸಿದ. ಏನೂ ಇಲ್ಲ. ಕಲ್ಲಿನ ದಾರಿ ಶುರುವಾಯಿತು. ಅವಳು ಗಾಡಿಯನ್ನು ಅವಸರಪಡಿಸದೆ, ಕಲ್ಲು ನೋಡಿ ನೋಡಿ ಚಕ್ರ ಇಡುತ್ತಿದ್ದಳು. ಇಷ್ಟು ಚೆನ್ನಾಗಿ ಓಡಿಸುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ತೊರೆ ದಾಟಿದರು. ಆಗಲೂ ಏನೂ ಇಲ್ಲ.

"ಏನನ್ಸುತ್ತೆ?" ಎಂದಳು, ರಸ್ತೆಯ ಮೇಲೆಯೇ ಕಣ್ಣಿಟ್ಟು.

ಒಂದು ಮಾತು ಸಾಕಿತ್ತು. ಬೇರಿಂಗ್ ಇರಬೇಕು, ಎರಡು ದಿನ ಬಿಟ್ಟು ಮತ್ತೆ ನೋಡೋಣ ಎಂದರೆ ಮುಗಿಯಿತು. ಮತ್ತೊಂದು ಗುರುವಾರ, ಮತ್ತೊಂದು ಶನಿವಾರ, ಈ ಸೀಟು, ಈ ಕಿಟಕಿ, ಅವಳ ಪಕ್ಕ. ಆ ಮಾತು ನಾಲಿಗೆಯ ತುದಿಯವರೆಗೂ ಬಂದು ನಿಂತಿತ್ತು. ಅವನು ತಲೆಯನ್ನು ಕಿಟಕಿಯಿಂದ ಒಳಗೆಳೆದುಕೊಂಡ.

"ಏನೂ ಇಲ್ಲ ಡಾಕ್ಟ್ರೇ. ಯಾವ ಶಬ್ದವೂ ಇಲ್ಲ. ಗಾಡಿ ಚೆನ್ನಾಗಿದೆ, ನೀವೂ ಚೆನ್ನಾಗಿ ನೋಡ್ಕೊಂಡಿದೀರಿ. ಇದಕ್ಕೆ ನನ್ನ ಅಗತ್ಯ ಇಲ್ಲ." ಕಿಟಕಿಯ ಗಾಜು ಏರಿಸಿದ. "ಇಲ್ಲೇ ಇಳಿಸಿಬಿಡಿ, ನಡ್ಕೊಂಡು ಹೋಗ್ತೀನಿ."

ಅವಳು ಗಾಡಿ ನಿಲ್ಲಿಸಿದಳು. ಇಂಜಿನ್ನೂ ಆರಿಸಿದಳು.

"ಶಬ್ದ ಇಲ್ಲ ಅಂತ ನನಗೂ ಗೊತ್ತು."

"ಮತ್ತೆ?"

"ನೀವೇನಂತೀರಿ ಅಂತ ಗೊತ್ತಿರಲಿಲ್ಲ."

ಅವನು ಅವಳ ಕಡೆ ತಿರುಗಿದ. "ಪರೀಕ್ಷೆ ಮಾಡಿದ್ರಾ?"

"ಅರ್ಧ ಪರೀಕ್ಷೆ."

"ಇನ್ನರ್ಧ?"

ಅವಳು ಸ್ಟೇರಿಂಗಿನ ಮೇಲೆ ಅಂಟಿದ್ದ ಒಣ ಕೆಸರನ್ನು ಉಗುರಿನಿಂದ ಕೆರೆಯತೊಡಗಿದಳು. "ಇನ್ನರ್ಧ, ನಿಮ್ಮನ್ನ ನೋಡ್ಬೇಕು ಅನಿಸ್ತು. ಸುಮ್ನೆ ಬನ್ನಿ ಅನ್ನೋಕೆ ನಾಚಿಕೆ. ಸಿಟ್ಟು ಮಾಡ್ಕೊಂಡು ಕಳಿಸಿದ್ದು ನಾನೇ ಅಲ್ವಾ? ಏನಾದ್ರೂ ನೆಪ ಬೇಕಿತ್ತು. ಒಂದು ಸುಳ್ಳು ಹೊಳೀತು, ಟೈಪ್ ಮಾಡಿದೆ, ಕಳಿಸಿದೆ. ಎರಡು ನಿಮಿಷ ಕೂಡ ಹಿಡೀಲಿಲ್ಲ. ಆಮೇಲೆ ನನಗೇ ಗಾಬರಿ ಆಯ್ತು ಕಣ್ರೀ, ಇಷ್ಟು ಸಲೀಸಾ ಇದು ಅಂತ."

"ನನಗೆ ನಲವತ್ತು ನಿಮಿಷ ಹಿಡಿದಿತ್ತು," ಎಂದ ಅವನು ಗಂಭೀರವಾಗಿ.

ಅವಳು ನಕ್ಕುಬಿಟ್ಟಳು. ನಗು ತಡೆಯಲು ಹೋಗಿ ಹಣೆಯನ್ನು ಸ್ಟೇರಿಂಗಿಗೆ ಇಟ್ಟಳು, ಹಾರ್ನ್ ಒಂದು ಸಲ ಕೂಗಿತು, ದಾರಿ ಬದಿಯ ಪೊದೆಯಿಂದ ನಾಲ್ಕು ಹಕ್ಕಿಗಳು ಎದ್ದು ಹಾರಿದವು.

"ಡಾಕ್ಟ್ರೇ," ಎಂದ ಅವನು. "ನನಗೆ ನಿಮ್ಮನ್ನ ಕಂಡ್ರೆ ಇಷ್ಟ. ನೋಡೋಕೆ ಗಾಡಿ ಇದ್ರೂ ಇಷ್ಟ, ಇಲ್ದಿದ್ರೂ ಇಷ್ಟ. ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತು. ಹೇಳೋಕೆ ಬರಲಿಲ್ಲ."

"ಈಗ ಬಂತಲ್ಲ."

ಅವಳು ತಲೆಯೆತ್ತಿ ಅವನ ಕಡೆ ತಿರುಗಿದಳು. ಆರು ವಾರದ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು, ಅದನ್ನು ಮರೆಮಾಡುವ ಪ್ರಯತ್ನವನ್ನೂ ಅವಳು ಮಾಡಲಿಲ್ಲ. ಆದರೂ ಅವಳ ಕೈ ಗೇರಿನ ಮೇಲಿಂದ ಸರಿದು ಅವನ ಕೈಯ ಮೇಲೆ ಬಂದು ಕೂತಿತು. ಸೋಪಿನಲ್ಲಿ ತೊಳೆದು ತೊಳೆದು ಒರಟಾದ ಕೈ, ಬೆಚ್ಚಗಿತ್ತು. ಅವನು ಅದನ್ನು ಹಿಡಿದುಕೊಂಡ.

"ಮೇಲೆ ಒಂದು ಹಸು ಕರು ಹಾಕೋದಿದೆ," ಎಂದಳು. "ಮೊದಲ ಕರು, ಎಷ್ಟು ಹೊತ್ತಾಗುತ್ತೋ ಹೇಳೋಕಾಗಲ್ಲ. ಬಾಲ ಹಿಡಿಯೋಕೆ ಒಬ್ಬರು ಬೇಕು. ಇಳಿದು ಹೋಗ್ತೀರೋ, ಬರ್ತೀರೋ?"

"ಬರ್ತೀನಿ."

ಅವಳು ಗಾಡಿ ಸ್ಟಾರ್ಟ್ ಮಾಡಿ ಏರು ಹತ್ತಿಸಿದಳು. ದಾರಿಯುದ್ದಕ್ಕೂ ಆ ಹಸುವಿನ ಬಗ್ಗೆ, ಅದರ ಯಜಮಾನಿ ಅಜ್ಜಿಯ ಬಗ್ಗೆ, ಇಷ್ಟು ದಿನ ಹೇಳಲು ಯಾರೂ ಸಿಗದೆ ಕೂಡಿಟ್ಟುಕೊಂಡ ನೂರು ವಿಷಯದ ಬಗ್ಗೆ ಮಾತಾಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಒಂದು ಗಾಡಿಯಲ್ಲಿ ಕೂತು ಅದರ ಸದ್ದಿಗೆ ಕಿವಿ ಕೊಡಲಿಲ್ಲ.